ದೊಡ್ಡಮ್ಮ ಬೆಳೆಸಿದ ದರ್ಭೆ

ಹುಲ್ಲು ಬೆಳೆಸುವುದನ್ನೂ ಕಲಿಯಬೇಕೇ ಎಂದು ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೇಡವೆಂದಾಗ ಕಾಂಪೌಂಡಿನ ಬಿರುಕಿನಲ್ಲೂ ಹುಲ್ಲು ಬರುತ್ತದೆ, ಒಪ್ಪಿದೆ. ಬೇಕು ಎಂದು ಕೂತಾಗ ಬರಲಿ, ನೋಡೋಣ. ಅದರಲ್ಲೂ ದರ್ಭೆ! ಅಷ್ಟು ಹಟಮಾರಿ ಗಿಡವನ್ನು ನಾನು ಇನ್ನೊಂದು ಕಂಡಿಲ್ಲ. ನನ್ನನ್ನು ಬಿಟ್ಟರೆ ಅಷ್ಟು ಹಟ ಇರುವುದು ಅದಕ್ಕೇ ಎಂದು ಅಮ್ಮ ಹೇಳುತ್ತಿದ್ದಳು.

ಬನಶಂಕರಿ ಎರಡನೇ ಹಂತದಲ್ಲಿ ನಮ್ಮದು ಮೂವತ್ತು-ನಲವತ್ತರ ಸೈಟಿನ ಮನೆ. ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು, ಒಂದು ತೆಂಗಿನಮರ, ಉಳಿದಂತೆ ಒಂದಿಷ್ಟು ಮಣ್ಣು. ಅಪ್ಪ, ಅಮ್ಮ ಮತ್ತು ನಾನಲ್ಲದೆ ಅಪ್ಪನ ಅಣ್ಣನೂ ಅವರ ಹೆಂಡತಿಯೂ, ಅಂದರೆ ನನ್ನ ದೊಡ್ಡಪ್ಪ ದೊಡ್ಡಮ್ಮನೂ, ಅಲ್ಲೇ ಇದ್ದರು. ಅವರಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು, ಮಾತು ಬಹಳ ಕಡಿಮೆ. ತಾತನ ಶ್ರಾದ್ಧಕ್ಕೆಂದು ಶ್ರೀರಂಗಪಟ್ಟಣಕ್ಕೆ ಹೋದವರು ನದಿಯ ದಂಡೆಯಿಂದ ಒಂದು ದರ್ಭೆಯ ಬುಡ ಕಿತ್ತು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. ಗಾಂಧಿ ಬಜಾರಿನಲ್ಲಿ ಕೊಳ್ಳುವ ಕಟ್ಟಿನಲ್ಲಿ ಅರ್ಧಕ್ಕರ್ಧ ಬೇರೆ ಯಾವುದೋ ಹುಲ್ಲು ಸೇರಿರುತ್ತದೆ ಎಂಬುದು ಅವರ ಬಹುಕಾಲದ ತಕರಾರು. ತಂದದ್ದನ್ನು ಒಗೆಯುವ ಕಲ್ಲಿನ ಪಕ್ಕ ನೆಟ್ಟರು.

ಅದಾದ ಕೆಲವು ವಾರಕ್ಕೆ, ತೊಂಬತ್ತರ ದಶಕದ ಶುರುವಿನ ಒಂದು ಭಾನುವಾರ, ತಿಂಡಿ ತಿಂದು ಚಪ್ಪಲಿ ಮೆಟ್ಟಿಕೊಂಡರು. "ಉತ್ತರಹಳ್ಳಿ ಕಡೆ ಯಾರೋ ಸೈಟು ತೋರಿಸ್ತಾರಂತೆ, ಊಟಕ್ಕೆ ಬಂದ್ಬಿಡ್ತೀನಿ" ಎಂದು ದೊಡ್ಡಮ್ಮನಿಗೆ ಹೇಳಿ ಬಸ್ಸು ಹತ್ತಿದರು. ಬರಲಿಲ್ಲ. ಪೊಲೀಸರಿಗೆ ದೂರು ಕೊಟ್ಟದ್ದು, ಪತ್ರಿಕೆಯಲ್ಲಿ ಫೋಟೋ ಹಾಕಿಸಿದ್ದು, ಆಸ್ಪತ್ರೆ ಆಸ್ಪತ್ರೆ ಅಲೆದದ್ದು, ಶವಾಗಾರದಲ್ಲಿ ಅಪ್ಪ ಮುಸುಕು ತೆಗೆಸಿ ತೆಗೆಸಿ ನೋಡಿದ್ದು ಎಲ್ಲವೂ ಆಯಿತು. ಜಗಳವಿಲ್ಲ, ಸಾಲವಿಲ್ಲ, ಬೈರಾಗಿಯಾಗುವ ಲಕ್ಷಣವೂ ಇರಲಿಲ್ಲ. ಬದುಕಿದ್ದಾರೆ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಒಂದು ಚೂರು ಆಧಾರ ಸಿಕ್ಕಲಿಲ್ಲ.

ಆಗ ಯಾರಿಗೂ ಆ ದರ್ಭೆಯ ನೆನಪಿರಲಿಲ್ಲ. ದೊಡ್ಡಮ್ಮ ಒಂದು ದಿನ ಬಟ್ಟೆ ಒಗೆಯಲು ಹೋದವಳು ಅದು ಹಳದಿಯಾಗಿ ಮಲಗಿರುವುದನ್ನು ಕಂಡು ಕೂಗಿಕೊಂಡಳು. ಅವರು ಹೋದಾಗಲೂ ಹಾಗೆ ಕೂಗಿರಲಿಲ್ಲ. ಅಂದಿನಿಂದ ಶುರುವಾಯಿತು ಆರೈಕೆ. ಅಕ್ಕಿ ತೊಳೆದ ನೀರು, ಕಾಫಿ ಚರಟ, ಸಗಣಿ ಗೊಬ್ಬರ, ಬೆಳಿಗ್ಗೆ ಒಂದು ಬಕೆಟ್ಟು ನೀರು, ಸಂಜೆ ಒಂದು ಬಕೆಟ್ಟು. ಗುಲಾಬಿಗೆ ಮಾಡುವ ಉಪಚಾರವನ್ನೆಲ್ಲ ಅದಕ್ಕೆ ಮಾಡಿದಳು. ಅದು ಇನ್ನಷ್ಟು ಕೊಳೆಯಿತು.

"ಅದಕ್ಕೆ ಅಜೀರ್ಣ ಆಗಿದೆ ದೊಡ್ಡಮ್ಮ, ಒಂದು ಏಕಾದಶಿ ಮಾಡಿಸು" ಎಂದೆ ನಾನು. ಆಗ ಹೈಸ್ಕೂಲಿನಲ್ಲಿದ್ದೆ, ಬಾಯಿ ಸುಮ್ಮನಿರುತ್ತಿರಲಿಲ್ಲ. ಅಮ್ಮ ಕಣ್ಣು ಬಿಟ್ಟಳು. ದೊಡ್ಡಮ್ಮ ಮಾತ್ರ ಯೋಚಿಸುತ್ತ ನಿಂತಳು.

"ಹೊಳೆ ದಂಡೇಲಿ ಇದಕ್ಕೆ ಯಾರು ಸಗಣಿ ಹಾಕ್ತಾ ಇದ್ರು, ಅಲ್ವಾ?" ಎಂದಳು.

ಮರುದಿನವೇ ಕೊಳೆತ ಬುಡವನ್ನು ಅಗೆದು ತೆಗೆದಳು. ನಡುವೆ ಗಟ್ಟಿಯಾಗಿ ಬೆಳ್ಳಗಿದ್ದ ಮೂರು ನಾಲ್ಕು ಬೇರು ಮಾತ್ರ ಉಳಿಸಿ, ಎಲೆಗಳನ್ನು ನಾಲ್ಕು ಬೆರಳಷ್ಟು ಬಿಟ್ಟು ಕತ್ತರಿಸಿದಳು. ತೆಂಗಿನಮರದ ನೆರಳು ಬೀಳದ, ದಿನವಿಡೀ ಬಿಸಿಲು ಕಾಯುವ ಮೂಲೆಯನ್ನು ಹುಡುಕಿದಳು. ಪಕ್ಕದ ಬೀದಿಯಲ್ಲಿ ಮನೆ ಕಟ್ಟುತ್ತಿದ್ದವರನ್ನು ಕೇಳಿ ಎರಡು ಬಾಂಡಲಿ ಮರಳು ತಂದು ಕೆಂಪು ಮಣ್ಣಿಗೆ ಬೆರೆಸಿ, ನೆಲವನ್ನು ಸ್ವಲ್ಪ ದಿಬ್ಬ ಮಾಡಿ, ನೀರು ನಿಲ್ಲದ ಹಾಗೆ ನೆಟ್ಟಳು. ಬೇರು ಹಿಡಿಯುವ ತನಕ ದಿನಾ ಒಂದು ಚೊಂಬು ನೀರು, ಆಮೇಲೆ ಮಣ್ಣು ಒಣಗಿದಾಗ ಮಾತ್ರ. ಗೊಬ್ಬರವಂತೂ ಇಲ್ಲವೇ ಇಲ್ಲ. ಬಹಳ ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಒಣಗಿದ ಕೂಳೆಯ ಮಧ್ಯೆ ಹಸಿರು ಸೂಜಿಯಂಥದ್ದು ಒಂದು ನೆಟ್ಟಗೆ ಎದ್ದಿತ್ತು. ದೊಡ್ಡಮ್ಮ ನನ್ನನ್ನು ಹಾಸಿಗೆಯಿಂದ ಎಬ್ಬಿಸಿಕೊಂಡು ಹೋಗಿ ತೋರಿಸಿದಳು. ಹುಲ್ಲು ನೋಡೋದಕ್ಕೆ ಎಬ್ಬಿಸಿದೆಯಾ ಎಂದು ರೇಗಿದೆ, ಆದರೂ ಕೂತು ನೋಡಿದೆ.

ಬದುಕಿದ ಮೇಲೆ ಅದರ ವರಸೆಯೇ ಬೇರೆ. ನೆಲದೊಳಗೆ ಬೇರು ಹರಿಸಿ ಕೇಳದೆ ಕೇಳದೆ ಎಲ್ಲೆಲ್ಲೋ ಏಳುತ್ತದೆ. ಒಗೆಯುವ ಕಲ್ಲಿನ ಸಿಮೆಂಟನ್ನೂ ಒಂದು ಸಲ ಸೀಳಿತು. ದೊಡ್ಡಮ್ಮ ಸುತ್ತ ಕಾಲುವೆ ತೋಡಿ ಹಳೆಯ ಮಂಗಳೂರು ಹೆಂಚುಗಳನ್ನು ನಿಲ್ಲಿಸಿ ಹೂತು ಬೇಲಿ ಮಾಡಿದಳು. ಮುಟ್ಟುವುದಕ್ಕೂ ಒಂದು ಕ್ರಮ ಕಲಿಸಿದಳು: ಬುಡದಿಂದ ತುದಿಗೆ ಕೈಯಾಡಿಸಬೇಕು, ತುದಿಯಿಂದ ಬುಡಕ್ಕೆ ಎಳೆದರೆ ಅಂಚು ಬೆರಳನ್ನು ಕುಯ್ಯುತ್ತದೆ. ನಾನು ಎರಡನ್ನೂ ಮಾಡಿ ನೋಡಿದ್ದೇನೆ.

ದರ್ಭೆ ಇಲ್ಲದೆ ನಮ್ಮ ಮನೆಗಳಲ್ಲಿ ದೇವರ ಕೆಲಸವೂ ನಡೆಯುವುದಿಲ್ಲ, ಸತ್ತವರ ಕೆಲಸವೂ ನಡೆಯುವುದಿಲ್ಲ. ಅದನ್ನು ಉಂಗುರದ ಹಾಗೆ ಗಂಟುಹಾಕಿ, ಪವಿತ್ರವೆಂದು ಬೆರಳಿಗೆ ತೊಡುತ್ತಾರೆ. ಶುಭಕ್ಕೆ ಎರಡು ಎಳೆ, ಪಿತೃಗಳಿಗೆ ಮೂರು, ಈಗತಾನೇ ಹೋದವರಿಗೆ ಒಂದೇ ಎಳೆ. ಗಣೇಶನ ಹಬ್ಬಕ್ಕೆ ಮುಂಚಿನ ಅಮಾವಾಸ್ಯೆಯ ಬೆಳಿಗ್ಗೆ ಸ್ನಾನ ಮಾಡಿ, ಪೂರ್ವಕ್ಕೆ ಮುಖ ಮಾಡಿ ಕಿತ್ತಿಟ್ಟರೆ ಒಂದು ವರ್ಷ ಬಳಸಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ತುದಿ. ತುದಿ ಮುರಿದ ದರ್ಭೆ ಯಾವುದಕ್ಕೂ ಬಾರದು. ಅದು ಬರೀ ಹುಲ್ಲು, ದನಕ್ಕೆ ಹಾಕಬೇಕು ಅಷ್ಟೆ. ಹೆಂಗಸರು ಕೀಳುವ ಪದ್ಧತಿ ನಮ್ಮಲ್ಲಿರಲಿಲ್ಲ. ವರ್ಷವಿಡೀ ಕಳೆ ತೆಗೆದು ನೀರು ಹಾಕಿ ಬೆಳೆಸುವವಳು ದೊಡ್ಡಮ್ಮ, ಆ ದಿನ ಒದ್ದೆ ಪಂಚೆಯಲ್ಲಿ ಬಂದು ಕೀಳುವವರು ಅಪ್ಪ. ಇದು ಯಾವ ನ್ಯಾಯ ಎಂದು ನಾನು ಪ್ರತಿ ವರ್ಷ ಕೇಳುತ್ತಿದ್ದೆ. "ನಂಗೆ ಕಿತ್ತುಕೊಳ್ಳೋ ಆಸೆ ಏನೂ ಇಲ್ಲ ಬಿಡೇ, ಇದ್ದರೆ ಸಾಕು" ಎನ್ನುತ್ತಿದ್ದಳು.

ಹೀಗೇ ವರ್ಷಗಳು ಹೋದವು. ದೊಡ್ಡಮ್ಮ ಹಣೆಗೆ ಕಾಸಗಲ ಕುಂಕುಮ ಇಡುತ್ತಿದ್ದಳು, ಗೌರಿ ಹಬ್ಬಕ್ಕೆ ಬಾಗಿನ ಕೊಡುತ್ತಿದ್ದಳು. ಅವಳ ಬಾಗಿನ ತೆಗೆದುಕೊಳ್ಳುವಾಗ ಕೆಲವು ಹೆಂಗಸರು ಒಂದು ಕ್ಷಣ ಹಿಂದೆಮುಂದೆ ನೋಡುತ್ತಿದ್ದುದು ನನಗೆ ಕಾಣುತ್ತಿತ್ತು. ಅವಳಿಗೆ ಕಾಣುತ್ತಿರಲಿಲ್ಲವೇ? ಕಂಡೇ ಇರುತ್ತದೆ.

ನನಗೆ ಮದುವೆಯ ವಯಸ್ಸು ಬಂದು, ಗಂಡುಗಳು ಬಂದು, ಉಪ್ಪಿಟ್ಟು ತಿಂದು, ಹೋಗತೊಡಗಿದರು. ಆಗ ಇಟ್ಟಮಡುವಿನಲ್ಲಿದ್ದ ನನ್ನ ಸೋದರತ್ತೆ ರಂಗಕ್ಕೆ ಇಳಿದಳು. ಅವಳು ದೊಡ್ಡಪ್ಪನಿಗೆ ತಂಗಿ, ಅಪ್ಪನಿಗೆ ಅಕ್ಕ. ನನ್ನ ಜಾತಕವನ್ನು ತ್ಯಾಗರಾಜನಗರದ ಜೋಯಿಸರೊಬ್ಬರಿಗೆ ತೋರಿಸಿಕೊಂಡು ಬಂದು ನಡುಮನೆಯಲ್ಲಿ ಕೂತು ಹೇಳಿದಳು: ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯಬೇಕು, ಕಾದದ್ದಾಯಿತು. ಇನ್ನು ದರ್ಭೆಯಲ್ಲಿ ಅವರ ಆಕಾರ ಮಾಡಿ, ಆ ಗೊಂಬೆಯನ್ನೇ ದೇಹ ಎಂದು ದಹನ ಮಾಡಿ, ಕರ್ಮ ಮುಗಿಸಬೇಕು. ಅದು ಆಗದೆ ಈ ಮನೆಯಲ್ಲಿ ಶುಭಕಾರ್ಯ ಕೂಡಿಬರುವುದಿಲ್ಲ.

ನನಗೆ ಎಲ್ಲಿತ್ತೋ ಸಿಟ್ಟು. "ನನ್ನ ಮದುವೆಗೋಸ್ಕರ ದೊಡ್ಡಮ್ಮನ ಕುಂಕುಮ ಅಳಿಸ್ತೀರಾ? ಹಾಗಿದ್ರೆ ನಂಗೆ ಮದುವೇನೇ ಬೇಡ" ಎಂದು ಕಿರುಚಿದೆ.

"ನಿನ್ನ ಮದುವೆ ಹಾಳಾಗಿ ಹೋಗ್ಲಿ ಕಣೇ" ಎಂದು ಅತ್ತೆ ನನಗಿಂತ ಜೋರಾಗಿ ಕಿರುಚಿದಳು. "ನಮ್ಮಣ್ಣ ಹೋಗಿದ್ರೆ, ಇಷ್ಟು ವರ್ಷದಿಂದ ಅವನಿಗೆ ಒಂದು ತೊಟ್ಟು ನೀರು ಬಿಟ್ಟಿಲ್ಲ ನಾವು. ಹಸ್ಕೊಂಡು ಅಲೀತಾ ಇರ್ತಾನೆ. ನಂಗೆ ಅನ್ನ ಇಳಿಯಲ್ಲ ಕಣೇ, ನಿಜವಾಗ್ಲೂ ಇಳಿಯಲ್ಲ." ಹೇಳುತ್ತ ಹೇಳುತ್ತ ಗಳಗಳನೆ ಅತ್ತಳು. ಅತ್ತೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಒಳಗೆ ಹೋಗಿ ಅವಳಿಗೆ ನೀರು ತಂದುಕೊಟ್ಟೆ.

ಪುರೋಹಿತರನ್ನು ಕರೆಸಿದರು. ಅವರು ವಿಧಿಯನ್ನೆಲ್ಲ ವಿವರಿಸಿ ಮುಗಿಸುವ ತನಕ ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಎಲ್ಲಾ ಮಾಡಾದ್ಮೇಲೆ ಅವರು ಬಂದ್ರೆ?" ಎಂದು ಕೇಳಿದಳು.

"ಅದಕ್ಕೂ ಶಾಸ್ತ್ರದಲ್ಲಿ ದಾರಿ ಇದೆ ಅಮ್ಮಾ. ತುಪ್ಪದ ಕೊಪ್ಪರಿಗೇಲಿ ಸ್ನಾನ ಮಾಡಿಸಿ, ಹೊಸದಾಗಿ ಹುಟ್ಟಿದ ಹಾಗೆ ಜಾತಕರ್ಮ, ನಾಮಕರಣ, ಉಪನಯನ ಎಲ್ಲಾ ಮಾಡ್ಬೇಕು. ಆಮೇಲೆ ಅದೇ ಹೆಂಡತಿ ಜೊತೆ ಮತ್ತೆ ವಿವಾಹ."

ಐವತ್ತು ದಾಟಿದ ದೊಡ್ಡಪ್ಪನನ್ನು ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಹೆಸರು ಹೇಳುವುದನ್ನು ನೆನೆದು ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಮ್ಮನೂ ಸೆರಗು ಬಾಯಿಗೆ ಹಿಡಿದು ನಕ್ಕಳು. "ಅಯ್ಯೋ ರಾಮ, ಎಷ್ಟು ಡಬ್ಬ ತುಪ್ಪ ಬೇಕಾಗತ್ತೋ!" ಎಂದಳು. ಅಪ್ಪನೂ ನಕ್ಕರು. ಆಮೇಲೆ ಅವಳು ಸೆರಗು ಇಳಿಸಿ ಮೆಲ್ಲಗೆ ಕೇಳಿದಳು.

"ದೂರದಲ್ಲಿ ಎಲ್ಲೋ ಇದ್ರೆ ಅವರಿಗೆ ಗೊತ್ತಾಗತ್ತಾ, ಮನೇಲಿ ಹೀಗ್ ಮಾಡಿಬಿಟ್ರು ಅಂತ?"

ಪುರೋಹಿತರು ಕಾಫಿ ಲೋಟ ಕೆಳಗಿಟ್ಟರು.

ಬರುವ ಅಮಾವಾಸ್ಯೆಗೆ ದರ್ಭೆ ಕೀಳುವುದು, ಅದರಲ್ಲೇ ಗೊಂಬೆ ಕಟ್ಟುವುದು ಎಂದು ತೀರ್ಮಾನವಾಯಿತು. ಅಣ್ಣ ತಾನೇ ನೆಟ್ಟ ದರ್ಭೆ, ಅದಕ್ಕಿಂತ ಶ್ರೇಷ್ಠ ಯಾವುದಿದೆ ಎಂದಳು ಅತ್ತೆ. ದೊಡ್ಡಮ್ಮನನ್ನು ಯಾರೂ ಕೇಳಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ ಹಿತ್ತಿಲಿಗೆ ಹೋದರು. ಅತ್ತೆ ಬೆಳಕು ಹರಿಯುವ ಮುಂಚೆಯೇ ಆಟೋ ಮಾಡಿಕೊಂಡು ಬಂದಿದ್ದಳು. ಹೋದ ಅಪ್ಪ ಬಗ್ಗಲೂ ಇಲ್ಲ, ಮಂತ್ರ ಹೇಳಲೂ ಇಲ್ಲ. ಏನಾಯಿತೆಂದು ನಾವೆಲ್ಲ ಹೋಗಿ ನೋಡಿದೆವು. ಪೊದೆಯ ಒಂದೊಂದು ಎಳೆಯ ತುದಿಯನ್ನೂ ಯಾರೋ ಕತ್ತರಿಸಿಬಿಟ್ಟಿದ್ದರು. ಮಕ್ಕಳಿಗೆ ಕ್ರಾಪು ಹೊಡೆದ ಹಾಗೆ ಸಮನಾಗಿ, ಅಚ್ಚುಕಟ್ಟಾಗಿ. ಒಂದು ಎಳೆಯೂ ತಪ್ಪಿರಲಿಲ್ಲ. ಬುಡದ ಸುತ್ತ ಆ ಸಣ್ಣ ಸಣ್ಣ ತುದಿಗಳು ಉದುರಿ ಬಿದ್ದಿದ್ದವು. ಕುಪ್ಪಸ ಹೊಲಿಯುವಾಗ ಬಳಸುವ ಕತ್ತರಿ ಒಗೆಯುವ ಕಲ್ಲಿನ ಮೇಲೇ ಇತ್ತು. ದೊಡ್ಡಮ್ಮ ಅದನ್ನು ಬಚ್ಚಿಡುವ ಗೋಜಿಗೂ ಹೋಗಿರಲಿಲ್ಲ.

"ಅತ್ತಿಗೇ!" ಎಂದು ಅತ್ತೆ ತಲೆ ಚಚ್ಚಿಕೊಂಡಳು. "ಎಂಥಾ ಕೆಲಸ ಮಾಡಿದ್ರಿ!" ಆಮೇಲೆ ಅಪ್ಪನ ಕಡೆ ತಿರುಗಿದಳು. "ಏನ್ ನಿಂತಿದೀಯೋ, ಗಾಂಧಿ ಬಜಾರಿಗೆ ಹೋಗಿ ಎರಡು ಕಟ್ಟು ತಗೊಂಬಾ, ಇದಿಲ್ದಿದ್ರೆ ಲೋಕದಲ್ಲಿ ದರ್ಭೆ ಇಲ್ವಾ?"

ಅಪ್ಪ ಅಡುಗೆಮನೆಯ ಕಡೆ ನೋಡಿದರು. ದೊಡ್ಡಮ್ಮ ಏನೂ ಆಗಿಲ್ಲವೆನ್ನುವಂತೆ ಕಾಯಿ ತುರಿಯುತ್ತಿದ್ದಳು, ಆದರೆ ಕಾಯಿತುರಿ ನೆಲದ ಮೇಲೆಲ್ಲ ಚೆಲ್ಲಿತ್ತು.

"ಬೇಡ ಅಕ್ಕ" ಎಂದರು ಅಪ್ಪ. "ಅತ್ತಿಗೆ ಕೊಡದೇ ಇರೋದನ್ನ ನಾನು ಅಂಗಡೀಲಿ ತರಲ್ಲ."

ಅತ್ತೆ ತಿಂಡಿಯನ್ನೂ ತಿನ್ನದೆ ಹೊರಟುಹೋದಳು. ಆ ಗಣೇಶನ ಹಬ್ಬಕ್ಕೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ನಾನು ದೊಡ್ಡಮ್ಮನ ಬೆನ್ನ ಹಿಂದೆ ನಿಂತು, "ಶಭಾಷ್" ಎಂದೆ. "ಹೋಗೇ, ಕೆಲಸ ನೋಡ್ಕೋ" ಎಂದು ಗದರಿದಳು. ಅವಳ ಮುಖದಲ್ಲಿ ಗೆದ್ದ ಕಳೆ ಏನೂ ಇರಲಿಲ್ಲ.

ಅದಾಗಿ ಕೆಲವೇ ವಾರಕ್ಕೆ ಪಿತೃಪಕ್ಷ. ಅಪ್ಪ ಕೊಂಡು ತಂದ ದರ್ಭೆಯಲ್ಲೇ ಕೂತರು. ಹೋದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ ಪಿಂಡ ಇಟ್ಟರು: ತಾತ, ಮುತ್ತಾತ, ಅಜ್ಜಿಯರು, ಸೋದರಮಾವಂದಿರು. ದೊಡ್ಡಮ್ಮ ವಡೆ ಕರಿಯುತ್ತ ಪ್ರತಿ ವರ್ಷವೂ ಆ ಹೆಸರುಗಳಿಗೆ ಕಿವಿ ಕೊಡುತ್ತಿದ್ದಳು. ದೊಡ್ಡಪ್ಪನ ಹೆಸರು ಬರದೆ ಪಟ್ಟಿ ಮುಗಿದರೆ ಒಲೆ ಸಣ್ಣ ಮಾಡಿ ಒಂದು ಲೋಟ ನೀರು ಕುಡಿಯುತ್ತಿದ್ದಳು. ಆ ವರ್ಷವೂ ಹಾಗೇ ಮುಗಿಯಿತು. ಆಮೇಲೆ ಪುರೋಹಿತರು ಪಕ್ಕಕ್ಕೆ ಇನ್ನೊಂದು ಪಿಂಡ ಹಾಕಿಸಿದರು. ಅದನ್ನು ಪ್ರತಿ ವರ್ಷವೂ ಹಾಕಿಸುತ್ತಿದ್ದರು. ಅಂದು ಅದೇಕೋ ದೊಡ್ಡಮ್ಮ ಕೇಳಿದಳು:

"ಅದು ಯಾರಿಗೆ?"

"ಇದು ಗತಿ ಇಲ್ಲದವರಿಗೆ ಅಮ್ಮಾ. ಯಾರ್ಯಾರಿಗೆ ಹಿಂದೆಮುಂದೆ ಯಾರೂ ಇಲ್ವೋ, ಎಲ್ಲಿ ಹೋದ್ರು ಅಂತಾನೂ ಗೊತ್ತಿಲ್ವೋ, ಅಂಥೋರೆಲ್ಲ ಬಂದು ಇದನ್ನ ಹಂಚ್ಕೋತಾರೆ."

ಅವಳು ಒಲೆ ಆರಿಸಿದಳು. ಬಾಣಲೆಯಲ್ಲಿದ್ದ ವಡೆಗಳು ಹಾಗೇ ಎಣ್ಣೆ ಕುಡಿದವು. ಊಟವಾದ ಮೇಲೆ ಪಾತ್ರೆ ತೊಳೆಯುತ್ತ ನನಗೋ ಗೋಡೆಗೋ ಹೇಳಿದಳು: "ಹೆಂಡ್ತಿ ಇದೀನಿ, ತಮ್ಮ ಇದಾನೆ, ತಂಗಿ ಇದಾಳೆ. ಅವರು ಹೋಗಿ ಯಾರೂ ಇಲ್ಲದವರ ಜೊತೆ ನಿಂತ್ಕೊಂಡು ಒಂದು ಉಂಡೆ ಅನ್ನ ಹಂಚ್ಕೋಬೇಕಾ? ಒಂದ್ ದಿನಾನೂ ನನ್ನನ್ನ ಎರಡನೇ ಸಲ ಬಡಿಸು ಅಂತ ಕೇಳಿದೋರಲ್ಲ. ಅಲ್ಲೂ ಹಿಂದೇನೇ ನಿಂತಿರ್ತಾರೆ."

ನಾನು ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ತೊಳೆದೆ.

ಸಂಜೆ ಅಪ್ಪನನ್ನು ಕರೆದು ಹೇಳಿದಳು. "ಬರೋ ವರ್ಷ ಮಾಡಿಬಿಡಪ್ಪಾ. ತುದಿ ಇರೋ ದರ್ಭೆ ನಾನೇ ಕೊಡ್ತೀನಿ. ಅಂಗಡೀದು ಒಂದು ಎಳೇನೂ ಸೇರಿಸಬೇಡ."

ಕತ್ತರಿಸಿದ ಎಲೆಗೆ ಮತ್ತೆ ತುದಿ ಬರುವುದಿಲ್ಲ. ಬುಡದಿಂದ ಹೊಸದಾಗಿಯೇ ಏಳಬೇಕು. ಅದಕ್ಕಾಗಿ ಅವಳು ಶಿವರಾತ್ರಿ ಕಳೆಯುತ್ತಲೇ ಇಡೀ ಪೊದೆಯನ್ನು ನೆಲಕ್ಕೆ ನಾಲ್ಕು ಬೆರಳು ಬಿಟ್ಟು ಕುಯ್ದಳು. ಒಬ್ಬ ಮನುಷ್ಯನ ಆಕಾರಕ್ಕೆ ಒಂದು ಪೊದೆ ಸಾಲದು ಎಂದು ಬುಡವನ್ನು ಅಗೆದು, ಮಚ್ಚಿನಿಂದ ಸೀಳಿ, ಒಂದೊಂದು ಹೋಳಿನಲ್ಲೂ ಬೇರು ಮೊಳಕೆ ಎರಡೂ ಇರುವ ಹಾಗೆ ನೋಡಿಕೊಂಡು, ಮೊಳಕ್ಕೊಂದರಂತೆ ಬಿಸಿಲು ಬೀಳುವ ಜಾಗದುದ್ದಕ್ಕೂ ಸಾಲಾಗಿ ನೆಟ್ಟಳು. ಹೊಸ ಮರಳು ತರಿಸಿದಳು. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಬುಡಕ್ಕೆ ಮಾತ್ರ ನೀರು. ಮುಂಗಾರಿನ ಮಳೆ ಬಿದ್ದ ಮೇಲೆ ಅದನ್ನೂ ನಿಲ್ಲಿಸಿ, ನೀರು ಹರಿದುಹೋಗಲು ಕಾಲುವೆ ತೋಡಿದಳು. ತುದಿಗೆ ಏಟು ಬೀಳುತ್ತದೆಂದು ಆ ವರ್ಷ ಹಿತ್ತಿಲಿನಲ್ಲಿ ಬಟ್ಟೆ ಒಣಗಿಸಲು ಬಿಡಲಿಲ್ಲ. ನಾವೆಲ್ಲ ಬಕೆಟ್ಟು ಹೊತ್ತು ತಾರಸಿಗೆ ಹತ್ತಿದೆವು. ಬೆಕ್ಕು ಹೋದರೂ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಆಷಾಢದ ಗಾಳಿಗೆ ಎಳೆಗಳು ಒಂದಕ್ಕೊಂದು ಉಜ್ಜಿ ಮುರಿಯದಿರಲೆಂದು ಹಳೆಯ ಸೀರೆಯ ಪಟ್ಟಿಗಳಲ್ಲಿ ಸಡಿಲವಾಗಿ ಕಟ್ಟಿದಳು. ಅಷ್ಟು ಸೊಂಪಾಗಿ, ಅಷ್ಟು ಎತ್ತರಕ್ಕೆ ಅದು ಹಿಂದೆಂದೂ ಬೆಳೆದಿರಲಿಲ್ಲ. ಗಂಡನನ್ನು ಸುಡುವುದಕ್ಕೆ ಬೇಕಾದ್ದನ್ನು ಒಬ್ಬಳು ಹೆಂಗಸು ದಿನಾ ಬೆಳಿಗ್ಗೆ ಎದ್ದು ಬೆಳೆಸುತ್ತಿದ್ದಾಳೆ ಎಂದು ನೆನೆದಾಗಲೆಲ್ಲ ನಾನು ಹಿತ್ತಿಲಿಗೆ ಹೋಗಲಾರದೆ ಬಾಗಿಲಿಂದಲೇ ವಾಪಸು ಬರುತ್ತಿದ್ದೆ. ಹಾಗೆಂದು ಅಮ್ಮನ ಹತ್ತಿರ ಹೇಳಿದೆ. "ನಂಗೂ ಅಷ್ಟೇ ಕಣೇ" ಎಂದಳು ಅಮ್ಮ.

ಅಮಾವಾಸ್ಯೆ ಬಂತು. ಅಪ್ಪ ಕೀಳಲು ಕೂತಾಗ ದೊಡ್ಡಮ್ಮ ಹಿತ್ತಿಲ ಮೆಟ್ಟಿಲಲ್ಲಿ ನಿಂತು ನೋಡಿದಳು. "ಮೆತ್ತಗೆ ಕಣಪ್ಪಾ, ಬುಡ ಹಿಡ್ಕೊಂಡು ಕೀಳು" ಎಂದು ಒಂದೇ ಸಲ ಹೇಳಿದಳು. ಪುರೋಹಿತರು ಗೊತ್ತುಮಾಡಿದ ದಿನ ಅತ್ತೆ ಬಂದಳು. ವರ್ಷದ ಮೇಲೆ ಅವರಿಬ್ಬರ ಭೇಟಿ. ಅತ್ತೆ ಏನೋ ಹೇಳಲು ಬಾಯಿ ತೆರೆದಳು. ದೊಡ್ಡಮ್ಮ ಅವಳ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟಳು. ಅಂದು ಸ್ನಾನವಾದ ಮೇಲೆ ದೊಡ್ಡಮ್ಮ ಕುಂಕುಮದ ಬಟ್ಟಲು ತೆರೆದಿರಲಿಲ್ಲ. ಅಳಿಸುವ ಕೆಲಸವನ್ನು ಅವಳು ಯಾರಿಗೂ ಉಳಿಸಿರಲಿಲ್ಲ. ಬರಿಯ ಹಣೆಯ ದೊಡ್ಡಮ್ಮನನ್ನು ನಾನು ಕಣ್ಣೆತ್ತಿ ನೋಡಲಾರದೆ ಹೋದೆ.

ಹಿತ್ತಿಲಿನಲ್ಲಿ ನೆಲ ಸಾರಿಸಿ ಗೊಂಬೆ ಕಟ್ಟಿದರು. ದರ್ಭೆಯ ಕಟ್ಟುಗಳಿಂದ ಕೈ, ಕಾಲು, ಎದೆ. ತಲೆಗೆ ಒಂದು ತೆಂಗಿನಕಾಯಿ. ಕಟ್ಟುವಾಗ ಅದು ಬರೀ ಹುಲ್ಲಾಗಿತ್ತು. ಮೇಲೆ ಬಿಳಿಯ ಪಂಚೆ ಹೊದಿಸಿ ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದಾಗ ಮನೆಯಲ್ಲಿ ಒಂದು ಸಾವು ಆಗಿದೆ ಎಂದು ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು. ಅಪ್ಪ ಒಂದೆಳೆಯ ಪವಿತ್ರ ತೊಟ್ಟು ಪಕ್ಕದಲ್ಲಿ ಕೂತರು. ಪುರೋಹಿತರು ನೀರಿಗೆ ಕೈ ಹಾಕಿದರು.

"ಸ್ವಲ್ಪ ತಡೀರಿ" ಎಂದಳು ದೊಡ್ಡಮ್ಮ.

ಅತ್ತೆಯ ಮುಖ ಬಿಳಿಚಿಕೊಂಡಿತು. ಮತ್ತೆ ಮನಸ್ಸು ಬದಲಾಯಿಸಿದಳೆಂದೇ ನಾನೂ ತಿಳಿದೆ. ದೊಡ್ಡಮ್ಮ ಒಳಗೆ ಹೋಗಿ ಒಂದು ದಿಂಬು ತಂದಳು. ಅದಕ್ಕೆ ಒಗೆದು ಮಡಿಸಿಟ್ಟ ಗವಸು ಹಾಕಿದ್ದಳು.

"ತಲೆಗೆ ಎತ್ತರ ಕೊಡಿ" ಎಂದಳು ಪುರೋಹಿತರಿಗೆ. "ಚಪ್ಪಟೆ ಮಲಗಿದ್ರೆ ಅವರಿಗೆ ಉಸಿರು ಕಟ್ಟತ್ತೆ. ಉಬ್ಬಸ ಇದೆ."

"ಹೌದಲ್ವೇನೋ" ಎಂದಳು ಅತ್ತೆ ಅಪ್ಪನಿಗೆ, ಬಹಳ ಸಣ್ಣ ದನಿಯಲ್ಲಿ. "ಮರ್ತೇ ಹೋಗಿತ್ತಲ್ಲೋ ನಮಗೆ." ಅಪ್ಪ ತಲೆಯಾಡಿಸಿದರು. ಅವರಿಬ್ಬರೂ ದೊಡ್ಡಪ್ಪನ ಜೊತೆ ಹುಟ್ಟಿ ಬೆಳೆದವರು.

ಇಂಥದ್ದಕ್ಕೆ ಶಾಸ್ತ್ರದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಪುರೋಹಿತರು ಎರಡೂ ಕೈಯಿಂದ ಆ ತೆಂಗಿನಕಾಯಿಯನ್ನು ಜೋಪಾನವಾಗಿ ಎತ್ತಿ ಹಿಡಿದರು. ದೊಡ್ಡಮ್ಮ ಬಗ್ಗಿ ದಿಂಬನ್ನು ಅದರ ಕೆಳಗೆ ಸರಿಸಿ, ಪಂಚೆಯನ್ನು ಕುತ್ತಿಗೆಯವರೆಗೆ ಎಳೆದಳು.

"ಈಗ ಸರಿ" ಎಂದಳು.

ರುದ್ರಭೂಮಿಗೆ ಅವರನ್ನು ದಿಂಬಿನ ಸಮೇತ ತೆಗೆದುಕೊಂಡು ಹೋದರು.